ಗುರು ಗ್ರಹ ಸಿಕ್ಕಿದ್ದು ಸಂಜೆ ನಾಲ್ಕು ಗಂಟೆಯ ಕೆಲಸದಿಂದ

ಟೆಲಿಸ್ಕೋಪ್ ತಗೊಂಡ ಮೊದಲ ವಾರ ಅದರೊಳಗೆ ನನಗೆ ಕಂಡಿದ್ದು ಬರೀ ಕತ್ತಲೆ. ವಿಜಯನಗರದ ನಮ್ಮ ಮನೆ ಟೆರೇಸ್ ಮೇಲೆ ನಿಂತರೆ ಗುರು ಬರಿಗಣ್ಣಿಗೇ ಎದ್ದು ಕಾಣುತ್ತಿದ್ದ, ನಕ್ಷತ್ರದ ಹಾಗೆ ಮಿನುಗದೆ. ಐಪೀಸ್‌ಗೆ, ಅಂದರೆ ನೋಡುವ ಕಡೆಯ ಪುಟ್ಟ ಮಸೂರಕ್ಕೆ, ಕಣ್ಣಿಟ್ಟರೆ ಏನೂ ಇಲ್ಲ! ಬೆಂಗಳೂರಿನ ದೀಪಗಳನ್ನು ಸುಮ್ನೆ ಬೈದುಕೊಂಡೆ. ಗ್ರಹಗಳಿಗೆ ಊರಿನ ಬೆಳಕು ಅಷ್ಟೇನೂ ಅಡ್ಡಿಯಲ್ಲ, ತಪ್ಪು ನನ್ನದೇ ಇತ್ತು.

ನನ್ನದು 130 ಮಿ.ಮೀ. ಕನ್ನಡಿ, 650 ಮಿ.ಮೀ. ಫೋಕಲ್ ಲೆಂತ್ (ಕನ್ನಡಿಯಿಂದ ಬಿಂಬ ಮೂಡುವ ಜಾಗಕ್ಕಿರುವ ದೂರ). ದೊಡ್ಡದಾಗಿ ಕಾಣಲಿ ಅಂತ ಮೊದಲೇ 10 ಮಿ.ಮೀ. ಐಪೀಸ್ ಹಾಕುತ್ತಿದ್ದೆ. 650ನ್ನು 10ರಿಂದ ಭಾಗಿಸಿದರೆ 65, ಅಂದರೆ 65 ಪಟ್ಟು ದೊಡ್ಡದು, ಆದರೆ ಆಕಾಶದ ಒಂದು ಚೂರು ಮಾತ್ರ ಕಾಣುತ್ತದೆ. ಅದೂ ಅಲ್ಲದೆ ಗುರಿ ಹಿಡಿಯಲು ಮೇಲೆ ಕೂರಿಸಿದ ಪುಟ್ಟ ಫೈಂಡರ್ ಒಂದು ಕಡೆ, ಟೆಲಿಸ್ಕೋಪ್ ಇನ್ನೊಂದು ಕಡೆ ನೋಡುತ್ತಿದ್ದವು.

ಒಂದು ದಿನ ಸಂಜೆ ನಾಲ್ಕಕ್ಕೆ, ಸೂರ್ಯನಿಗೆ ಬೆನ್ನು ಮಾಡಿ (ಅಪ್ಪಿತಪ್ಪಿಯೂ ಸೂರ್ಯನ ಕಡೆ ತಿರುಗಿಸಬೇಡಿ, ಕಣ್ಣೇ ಹೋಗುತ್ತದೆ), ದೂರದ ಮೊಬೈಲ್ ಟವರ್ ತುದಿಯನ್ನು 25 ಮಿ.ಮೀ. ಐಪೀಸ್‌ನ ನಡುವೆ ತಂದೆ. ಟವರ್ ತಲೆಕೆಳಗಾಗಿ ಕಾಣುತ್ತದೆ, ಗಾಬರಿ ಬೇಡ. ಆಮೇಲೆ ಟೆಲಿಸ್ಕೋಪ್ ಅಲುಗಾಡಿಸದೆ ಫೈಂಡರ್‌ನ ಸ್ಕ್ರೂ ತಿರುಗಿಸುತ್ತಾ ಅದೇ ತುದಿಯನ್ನು ಅದರ ನಡುವಿಗೂ ತಂದೆ. ಹತ್ತು ನಿಮಿಷದ ಕೆಲಸ, ಅಷ್ಟೇ.

ಅವತ್ತು ರಾತ್ರಿ ಹತ್ತಕ್ಕೆ ಗುರು ಮೊದಲ ಸಲಕ್ಕೇ ಸಿಕ್ಕಿದ. ಪಕ್ಕದಲ್ಲಿ ನಾಲ್ಕು ಚುಕ್ಕಿ, 1610ರಲ್ಲಿ ಗೆಲಿಲಿಯೋ ನೋಡಿದ ಅದೇ ಚಂದ್ರರು. ಐಪೀಸ್ ಬದಲಿಸಿ 65 ಪಟ್ಟಿಗೆ ಹೋದೆ. ಭೂಮಿ ತಿರುಗುವುದರಿಂದ ಮೂರು ನಿಮಿಷಕ್ಕೆಲ್ಲ ಗ್ರಹ ಅಂಚು ದಾಟಿ ಹೋಗುತ್ತದೆ, ಹಾಗಾಗಿ ತಳ್ಳುತ್ತಲೇ ಇರಬೇಕು. ಎರಡು ಗಂಟೆ ಬಿಟ್ಟು ನೋಡಿದರೆ ಒಂದು ಚುಕ್ಕಿ ಜಾಗ ಬದಲಿಸಿತ್ತು. ನಮ್ಮಲ್ಲಿ ಗ್ರಹಗಳು ಹೆಚ್ಚುಕಮ್ಮಿ ನೆತ್ತಿಯವರೆಗೂ ಏರುತ್ತವೆ, ಅದೊಂದು ಅದೃಷ್ಟ. ತೊಂದರೆ ಅಂದರೆ ಟೆರೇಸ್ ಕಾಂಕ್ರೀಟಿನ ಬಿಸಿ. ಮುಸ್ಸಂಜೆಗೇ ನೋಡಿದರೆ ಗ್ರಹ ಕುದಿಯುವ ನೀರಿನಡಿಯ ಕಾಸಿನ ಹಾಗೆ ನಡುಗುತ್ತದೆ. ಟೆಲಿಸ್ಕೋಪ್ ಹೊರಗಿನ ಗಾಳಿಗೆ ಹೊಂದಿಕೊಳ್ಳಲಿ ಅಂತ ಅರ್ಧ ಗಂಟೆ ಮೊದಲೇ ಹೊರಗಿಟ್ಟು, ತಡವಾಗಿ ನೋಡುವುದೇ ವಾಸಿ.

2025ರ ಡಿಸೆಂಬರ್‌ನಲ್ಲಿ ಶನಿಯ ಉಂಗುರ ನಮಗೆ ಅಂಚಷ್ಟೇ ತೋರಿಸುತ್ತಿತ್ತು, ಬರೀ ಒಂದು ಗೆರೆ. ಕೆಳಗಿನ ಮನೆ ಅಜ್ಜಿ ‘ಶನಿನ ನೋಡಬಾರದು ಕಣೋ’ ಅನ್ನುತ್ತಲೇ ಮೆಟ್ಟಿಲು ಹತ್ತಿ ಬಂದರು. ತುಂಬಾ ಹೊತ್ತು ನೋಡಿ, ‘ಕಡ್ಡಿಗೆ ಚುಚ್ಚಿದ ಬೋಂಡಾ ಥರ ಇದಾನಲ್ಲೋ! ಇವನಿಗಾ ನಾನು ಇಷ್ಟು ವರ್ಷ ಎಳ್ಳೆಣ್ಣೆ ದೀಪ ಹಚ್ಚಿದ್ದು?’ ಅಂದರು.