ಸಂಜೆ 5ಕ್ಕೆ ಮಧ್ಯರಾತ್ರಿ: ಡಚ್ ಮನೆಯಲ್ಲಿ ಇಬ್ಬರು ಸೊಸೆಯಂದಿರ ಕ್ರಿಸ್ಮಸ್

ನಾವು ಓರಗಿತ್ತಿಯರು. ನಾನು ಮಂಗಳೂರಿನವಳು, ಅವಳು ಫಿಲಿಪೀನ್ಸ್‌ನ ಮನಿಲಾದವಳು, ಇಬ್ಬರೂ ಮದುವೆ ಆದದ್ದು ನೆದರ್ಲ್ಯಾಂಡ್ಸ್‌ನ ಒಂದೇ ಮನೆಯ ಅಣ್ಣತಮ್ಮಂದಿರನ್ನ. ಅವಳು ನನ್ನನ್ನ ಕರೆಯೋದು ‘ಆತೆ’ ಅಂತ, ಅವರ ಭಾಷೆಯಲ್ಲಿ ಅಕ್ಕ ಅಂತ ಅರ್ಥ. ಮೊದಲ ಸಲ ಕೇಳಿದಾಗ ಎಂತ ಮಾರಾಯ್ತಿ ಇವಳು ನನ್ನನ್ನ ಅತ್ತೆ ಮಾಡಿಬಿಟ್ಟಳಲ್ಲ ಅಂತ ನಗು ಬಂತು. ನಿಜವಾದ ಅತ್ತೆಯನ್ನ ಮಾತ್ರ ನಾವಿಬ್ಬರೂ ಹೆಸರು ಹಿಡಿದೇ ಕರೆಯೋದು, ಈ ಮನೆಯಲ್ಲಿ ಹಾಗೆ.

ತೊಂದರೆ ಶುರು ಆದದ್ದು ಸೆಪ್ಟೆಂಬರಲ್ಲಿ. ಫಿಲಿಪೀನ್ಸ್‌ನಲ್ಲಿ ತಿಂಗಳ ಹೆಸರಿನ ಕೊನೆಗೆ ‘ಬರ್’ ಬಂದ್ರೆ ಮುಗೀತು, ಸೆಪ್ಟೆಂಬರ್ 1ರಿಂದಲೇ ಕ್ರಿಸ್ಮಸ್ ಹಾಡು. ಇವಳು ‘ಪರೋಲ್’ ಕಟ್ಟಿ ಕಿಟಕಿಗೆ ತೂಗು ಹಾಕಿದ್ಳು, ಬಿದಿರಿನ ಕಡ್ಡಿಗೆ ಬಣ್ಣದ ಪೇಪರ್ ಅಂಟಿಸಿದ 5 ಮೂಲೆಯ ನಕ್ಷತ್ರ, ನಾವು ಊರಲ್ಲಿ ಕಟ್ತಿದ್ದದ್ದೇ ಹೆಚ್ಚುಕಮ್ಮಿ. ಅತ್ತೆ ನೋಡಿ ಗಾಬರಿ. ಯಾಕಂದ್ರೆ ಇಲ್ಲಿ ಡಿಸೆಂಬರ್ 5ರ ರಾತ್ರಿ ಸಿಂಟರ್‌ಕ್ಲಾಸ್ (ಮಕ್ಕಳಿಗೆ ಗಿಫ್ಟ್ ತರುವ ಅಜ್ಜ) ಹಬ್ಬ, ಮಕ್ಕಳಿಗೆ ದೊಡ್ಡ ಗಿಫ್ಟ್ ಎಲ್ಲ ಸಿಗೋದು ಆವತ್ತೇ, ಆ ಅಜ್ಜ ಬಂದು ಹೋಗುವ ತನಕ ಕ್ರಿಸ್ಮಸ್ ಮರ ಮನೆ ಒಳಗೆ ತರುವ ಹಾಗಿಲ್ಲ ಅನ್ನೋದು ಅತ್ತೆಯಂಥವರಿಗೆ ಶಾಸ್ತ್ರ ಇದ್ದ ಹಾಗೆ. ಕೊನೆಗೆ ಪರೋಲ್ ಅವಳ ಬೆಡ್‌ರೂಮಿಗೆ ಹೋಯ್ತು, ಡಿಸೆಂಬರ್ 6ಕ್ಕೆ ವಾಪಸ್ ಎದುರಿನ ಕಿಟಕಿಗೆ. ಈಗಲೂ ಅದೇ ಏರ್ಪಾಡು.

ಆಮೇಲೆ ಚೀಸ್ ಕಥೆ. ಇದು ಕೇಳ್ಬೇಕು ನೀವು. ಫಿಲಿಪೀನ್ಸ್‌ನಲ್ಲಿ 24ರ ಮಧ್ಯರಾತ್ರಿ ಪೂಜೆ ಮುಗಿಸಿ ಬಂದು ಮನೆಮಂದಿ ಎಲ್ಲ ಕೂತು ಉಣ್ಣುವ ಊಟಕ್ಕೆ ‘ನೋಚೆ ಬುವೆನಾ’ ಅಂತಾರೆ, ಅದರಲ್ಲಿ ಹ್ಯಾಮ್ ಪಕ್ಕ ‘ಕೇಸೊ ದೆ ಬೋಲಾ’ ಇರಲೇಬೇಕು, ಕೆಂಪು ಮೇಣ ಹಚ್ಚಿದ ಚೆಂಡಿನ ಹಾಗಿರೋ ಚೀಸು. ಅದು ಬೇರೆ ಎಂತದೂ ಅಲ್ಲ, ಡಚ್ಚರ ಎಡಾಮ್ ಚೀಸೇ! ಸರಿ, ಚೀಸಿನ ತವರಿಗೇ ಬಂದಿದ್ದೇನೆ, ಇನ್ನೆಂತ ಚಿಂತೆ ಅಂತ ಇವಳು ಸೂಪರ್ ಮಾರ್ಕೆಟಿಗೆ ಹೋದ್ರೆ ಕೆಂಪು ಚೆಂಡು ಎಲ್ಲಿಯೂ ಇಲ್ಲ. ಕೆಂಪು ಮೇಣ ಹೆಚ್ಚಾಗಿ ಹೊರದೇಶಕ್ಕೆ ಕಳಿಸುವ ಮಾಲಿಗೆ ಮಾತ್ರ ಅಂತೆ, ಇಲ್ಲಿಯವರು ತಿನ್ನೋದು ಹಳದಿ ಸಿಪ್ಪೆಯದ್ದು, ಅದೂ ಬೆಳಗ್ಗೆ ಬ್ರೆಡ್ಡಿಗೆ. ಮೂರು ಊರು ಸುತ್ತಿ ಕೊನೆಗೆ ಆಮ್‌ಸ್ಟರ್‌ಡ್ಯಾಮಲ್ಲಿ ಟೂರಿಸ್ಟರಿಗೆ ಮಾರುವ ಅಂಗಡಿಯಲ್ಲಿ ಸಿಕ್ಕಿತು. ಅತ್ತೆ ಅದನ್ನ ಹಬ್ಬದ ಮೇಜಿನ ನಡುವೆ ನೋಡಿ, ಇದನ್ನ ಯಾಕೆ ಇಲ್ಲಿಟ್ಟಿದ್ದೀ, ನಾಳೆ ತಿಂಡಿಗಾ ಅಂತ ಕೇಳಿದ್ರು. ಅವಳ ಮುಖ ನೋಡ್ಲಿಕ್ಕೆ ಆಗ್ಲಿಲ್ಲ ನನಗೆ.

ಆ ಮೊದಲ ವರ್ಷ ನಿಜವಾಗಿ ಕೆಟ್ಟದಾಗಿತ್ತು. ಇಪ್ಪತ್ತು ಜನಕ್ಕೆ ಆಗುವಷ್ಟು ಪಾನ್ಸಿತ್ (ಅವರ ನೂಡಲ್ಸು), ಲುಂಪಿಯಾ (ಸ್ಪ್ರಿಂಗ್ ರೋಲ್), ಲೆಚೆ ಫ್ಲಾನ್ (ಮೊಟ್ಟೆ ಹಾಲಿನ ಪುಡ್ಡಿಂಗ್) ಎಲ್ಲ ಒಬ್ಬಳೇ ಮಾಡಿ ರಾತ್ರಿ 12ಕ್ಕೆ ಕಾದು ಕೂತಿದ್ದಾಳೆ, ಮನೆಯವರೆಲ್ಲ ಹತ್ತೂವರೆಗೇ ಗುಡ್‌ನೈಟ್ ಹೇಳಿ ಮಲಗಿದ್ದಾರೆ. ಯಾರದ್ದೂ ತಪ್ಪಲ್ಲ. ಡಚ್ಚರಿಗೆ ಹಬ್ಬ ಅಂದ್ರೆ 25 ಮತ್ತು 26, ಎರಡೂ ದಿನ ಸರ್ಕಾರಿ ರಜೆ, ಮೊದಲನೇ ಕ್ರಿಸ್ಮಸ್ ದಿನ ಒಬ್ಬರ ಮನೆ, ಎರಡನೇ ದಿನ ಇನ್ನೊಬ್ಬರ ಮನೆ, ಎಲ್ಲ ತಿಂಗಳು ಮುಂಚೆ ಡೈರಿಯಲ್ಲಿ ಬರೆದು ಆಗಿರ್ತದೆ. ಇವಳು ಮರುದಿನ ಬೆಳಗ್ಗೆ ಪಾನ್ಸಿತ್ ಬಿಸಿ ಮಾಡಿ ಕೊಡ್ತಾ ಒಂದು ಮಾತೂ ಆಡ್ಲಿಲ್ಲ.

ದಾರಿ ಸಿಕ್ಕಿದ್ದು ಗಡಿಯಾರದಿಂದ. ಚಳಿಗಾಲದಲ್ಲಿ ಮನಿಲಾ ಇಲ್ಲಿಗಿಂತ 7 ಗಂಟೆ ಮುಂದೆ, ಅಂದ್ರೆ ಅಲ್ಲಿ ಮಧ್ಯರಾತ್ರಿ ಆಗುವಾಗ ಇಲ್ಲಿ ಸಂಜೆ 5. ನಮ್ಮತ್ತೆ ಮಾವ ಊಟಕ್ಕೆ ಕೂರುವುದು ಸರಿಯಾಗಿ 6ಕ್ಕೆ, ಒಂದು ನಿಮಿಷ ಆಚೀಚೆ ಇಲ್ಲ, ಮತ್ತೆ 24ರ ಸಂಜೆ ಅವರ ಡೈರಿಯಲ್ಲಿ ಖಾಲಿ. ಎರಡನೇ ವರ್ಷ ನಾನೇ ಹೇಳಿದೆ, ನೋಡು, ನಿನ್ನ ಊರಿನ 12 ಗಂಟೆಯನ್ನೇ ಇಲ್ಲಿ ಹಿಡಿ ಅಂತ. ನಾಲ್ಕೂವರೆಗೆಲ್ಲ ಸೂರ್ಯ ಮುಳುಗಿ 5ಕ್ಕೆ ಹೊರಗೆ ಕತ್ತಲೆ ಆಗ್ತಾ ಬಂದಿರ್ತದೆ, ರಾತ್ರಿ ಅಂತ ನಂಬ್ಲಿಕ್ಕೂ ಕಷ್ಟ ಇಲ್ಲ. 5ಕ್ಕೆ ವಿಡಿಯೋ ಕಾಲ್ ಹಾಕಿ ಟ್ಯಾಬನ್ನ ಚೀಸಿಗೆ ಒರಗಿಸಿ ಇಟ್ವಿ, ಅಲ್ಲಿ ಅವಳ ಅಮ್ಮ, ಚಿಕ್ಕಮ್ಮಂದಿರು, ಪುಟ್ಟ ಮಕ್ಕಳು ಎಲ್ಲ ತಟ್ಟೆ ಹಿಡಿದು ಬೊಬ್ಬೆ, ಇಲ್ಲಿ ನಮ್ಮ ಮಾವ ಎಂತದೂ ಅರ್ಥ ಆಗದಿದ್ರೂ ಕೈ ಬೀಸ್ತಾ ಇದ್ದಾರೆ. ಏಳೂವರೆಗೆ ಮಂಗಳೂರಲ್ಲಿ 12, ಆಗ ನನ್ನ ಪಾಳಿ. ಅಮ್ಮ ಪೂಜೆಯಿಂದ ಇನ್ನೂ ಬಂದಿರುವುದಿಲ್ಲ, ಅಪ್ಪ ಒಬ್ಬರೇ ಕುಸ್ವಾರ್ (ನಮ್ಮ ಕ್ರಿಸ್ಮಸ್ ತಿಂಡಿಗಳು) ಡಬ್ಬಿ ತೆಗೆದು ತೋರಿಸ್ತಾರೆ. ಆಮೇಲೆ ನಾವಿಬ್ಬರು ಚರ್ಚಿಗೆ ಹೊರಡ್ತೇವೆ, ಉಳಿದವರು ಬರುವುದಿಲ್ಲ, ನಾವು ಕರೆಯುವುದೂ ಇಲ್ಲ.

ಬಿಬಿಂಗ್ಕಾ ಬಗ್ಗೆ ಸ್ವಲ್ಪ ಹೇಳ್ತೇನೆ, ಮಾಡ್ಲಿಕ್ಕೆ ನೋಡುವವರು ಇದ್ರೆ. ಡಿಸೆಂಬರ್ 16ರಿಂದ 24ರ ತನಕ 9 ದಿನ ಅವರಿಗೆ ಬೆಳಗಿನ ಜಾವದ ಪೂಜೆ ಉಂಟು, ‘ಸಿಂಬಾಂಗ್ ಗಾಬಿ’. ಒಂಬತ್ತೂ ತಪ್ಪಿಸದೆ ಹೋದ್ರೆ ಬೇಡಿದ್ದು ಸಿಗ್ತದೆ ಅಂತ ನಂಬಿಕೆ. ಚರ್ಚಿನ ಹೊರಗೆ ಮಾರುವ ಅಕ್ಕಿ ಕೇಕು ಈ ಬಿಬಿಂಗ್ಕಾ, ಕೆಳಗೂ ಕೆಂಡ ಮೇಲೂ ಕೆಂಡ ಇಟ್ಟು ಬಾಳೆಲೆಯಲ್ಲಿ ಬೇಯಿಸೋದು. ಅವಳು ಪ್ಯಾಕೆಟ್ ಅಕ್ಕಿ ಹಿಟ್ಟಲ್ಲಿ ಮಾಡಿದ್ರೆ ಗಟ್ಟಿ ಇಟ್ಟಿಗೆ. ನಾನು ಅಕ್ಕಿ ರಾತ್ರಿ ನೆನೆಸಿ ಊರಿಂದ ತಂದ ಮಿಕ್ಸಿಯಲ್ಲಿ ಕಡಿಮೆ ನೀರು ಹಾಕಿ ರುಬ್ಬಿ ಕೊಟ್ಟೆ, ಅವಳು ಬೆರಳಲ್ಲಿ ಮುಟ್ಟಿ ನೋಡಿ ಇದೇ, ಅಜ್ಜಿ ಮಾಡ್ತಿದ್ದದ್ದು ಇದೇ ಅಂದ್ಳು. ಅದಕ್ಕೆ ತೆಂಗಿನ ಹಾಲು, ಮೊಟ್ಟೆ, ಸಕ್ಕರೆ, ಬೆಣ್ಣೆ, ಬೇಕಿಂಗ್ ಪೌಡರ್. ಬಾಳೆಲೆ ಇಲ್ಲಿಯ ‘ಟೋಕೊ’ದಲ್ಲಿ, ಅಂದ್ರೆ ಏಷ್ಯಾ ಸಾಮಾನಿನ ಅಂಗಡಿಯಲ್ಲಿ, ಫ್ರೋಜನ್ ಸಿಗ್ತದೆ, ಬೆಂಕಿಯಲ್ಲಿ ಬಾಡಿಸಿಯೇ ಟಿನ್ನಿಗೆ ಹಾಸಬೇಕು, ಇಲ್ಲಾಂದ್ರೆ ಹರೀತದೆ. ಓವನ್ 200 ಡಿಗ್ರಿ, ಸುಮಾರು 25 ನಿಮಿಷ, ಅರ್ಧ ಬೆಂದ ಮೇಲೆ ಮೇಲೆ ಉಪ್ಪಿನ ಮೊಟ್ಟೆ ತುಂಡು ಮತ್ತು ಅದೇ ಎಡಾಮ್ ತುರಿ, ಕೊನೆಗೆ ಗ್ರಿಲ್ಲಲ್ಲಿ 3 ನಿಮಿಷ. ಎಲೆಯ ಅಂಚು ಟಿನ್ನಿನಿಂದ ಹೊರಗೆ ಬರದ ಹಾಗೆ ಕತ್ತರಿಸಿ ದಯವಿಟ್ಟು. ನಾವು ಕತ್ತರಿಸ್ಲಿಲ್ಲ, ಸ್ಮೋಕ್ ಅಲಾರಂ ಹೊಡೆದು ಪಕ್ಕದ ಮನೆಯವರು ಚಪ್ಪಲಿ ಸಹ ಹಾಕದೆ ಓಡಿ ಬಂದ್ರು. ಬಂದವರಿಗೆ ಒಂದು ತುಂಡು ಕೊಟ್ಟು ಕಳಿಸಿದ್ವಿ.

26ನೇ ತಾರೀಕು ಅತ್ತೆಯ ಮನೆಯಲ್ಲಿ ಗೂರ್ಮೆಟ್. ಮೇಜಿನ ಮೇಲೆ ಕರೆಂಟಿನ ತವಾ, ಒಬ್ಬೊಬ್ಬರಿಗೆ ಅಂಗೈಯಷ್ಟು ದೊಡ್ಡ ಬಾಣಲೆ, ಅದರಲ್ಲಿ ಅವರವರ ಮಾಂಸ ಅವರವರೇ ಬೇಯಿಸಿಕೊಂಡು 3 ಗಂಟೆ ಕೂರೋದು. ಹಸಿವು ಇಟ್ಟುಕೊಂಡು ಹೋಗಬೇಡಿ, ಅಷ್ಟೇ ನನ್ನ ಸಲಹೆ. ಸಾಸೇಜ್ ತಲೆಗೆ ಎರಡು ಅಂತ ಲೆಕ್ಕ ಹಾಕಿಯೇ ತಂದಿರ್ತಾರೆ, ಅನ್ನ ಅಂತೂ ಇಲ್ಲವೇ ಇಲ್ಲ. ಕಳೆದ ಸಲ ಇವಳು ಚೀಲದಿಂದ ಅನ್ನದ ಡಬ್ಬಿ ತೆಗೆದು ಆ ಪುಟ್ಟ ಬಾಣಲೆಯಲ್ಲಿ ಬೆಳ್ಳುಳ್ಳಿ ಹುರಿದು ಅನ್ನ ಕಲಸಿದ್ಳು, ನಾನು ಮೇಲಿಂದ ಒಂಚೂರು ಬಫಾತ್ ಪುಡಿ (ನಮ್ಮ ಮಂಗಳೂರಿನ ಮಸಾಲೆ ಪುಡಿ) ಉದುರಿಸಿದೆ. ಮಾವ ಮೂಸಿ ನೋಡಿ ತಮ್ಮ ಬಾಣಲೆ ಮುಂದೆ ಹಿಡಿದ್ರು. ಎರಡು ಸಲ. ಅತ್ತೆ ಅಕ್ಕಿ ಎಷ್ಟು ತರಬೇಕು ಅಂತ ಈ ಸಲ ಮೊದಲೇ ಮೆಸೇಜ್ ಮಾಡಿದ್ದಾರೆ, ಆದ್ರೆ ಅನ್ನ ನಾವೇ ಮಾಡಿಕೊಂಡು ಹೋಗೋದು, ಅವರಲ್ಲಿರುವ ಪಾತ್ರೆಯಲ್ಲಿ ಮೂರು ಜನಕ್ಕೂ ಆಗುವುದಿಲ್ಲ.