ಪಂಡಿತರ ಮನೆಯಿಂದ ಆಸ್ಪತ್ರೆಗೆ: ಹೊಸನಗರದಲ್ಲಿ ನಾಟಿ ವೈದ್ಯರ ಜೊತೆ ನನ್ನ ಅನುಭವ

ಹೊಸನಗರ ತಾಲ್ಲೂಕಿನ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ನಾನು ವೈದ್ಯಾಧಿಕಾರಿ. ಹಾವು ಕಚ್ಚಲಿ, ಕಾಮಾಲೆಯಾಗಲಿ, ಕೈ ಮುರಿಯಲಿ, ಇಲ್ಲಿ ಎಷ್ಟೋ ಜನ ಮೊದಲು ಹೋಗುವುದು ಪಂಡಿತರ, ಅಂದರೆ ನಾಟಿ ವೈದ್ಯರ, ಮನೆಗೆ. ಅದಕ್ಕಾಗಿ ಅವರನ್ನು ದಡ್ಡರೆನ್ನಲು ನನಗೆ ಮನಸ್ಸು ಬರುವುದಿಲ್ಲ. ಮಳೆಗಾಲದ ರಾತ್ರಿ ಕಾಲುಸಂಕ ದಾಟಿ, ನೆಟ್‌ವರ್ಕ್ ಸಿಗುವ ದಿಬ್ಬ ಹತ್ತಿ 108ಕ್ಕೆ ಫೋನ್ ಮಾಡಿ ಕಾಯುವುದಕ್ಕಿಂತ ಪಕ್ಕದ ಮಜರೆಯ ಬಾಗಿಲು ತಟ್ಟುವುದು ಹತ್ತಿರದ ದಾರಿ. ಪಂಡಿತರು ಮನೆಯಲ್ಲೇ ಇರುತ್ತಾರೆ, ಹೆಸರು ಹಿಡಿದು ಮಾತಾಡಿಸುತ್ತಾರೆ, ಎಲೆ ಅಡಿಕೆಯ ಜೊತೆ ಇಟ್ಟಷ್ಟು ತೆಗೆದುಕೊಳ್ಳುತ್ತಾರೆ.

ಅಲ್ಲಿಗೆ ಹೋಗಬೇಡಿ ಎಂದು ಗದರಿದರೆ ಜನ ಹೋಗುವುದನ್ನು ಬಿಡುವುದಿಲ್ಲ, ನಮಗೆ ಹೇಳುವುದನ್ನು ಬಿಡುತ್ತಾರೆ. ಹಾಗಾಗಿ ನಾನು ಮೊದಲು ಮಾಡಿದ್ದು ನಮ್ಮ ಕೇಂದ್ರದೊಳಗಿನ ಕೆಲಸ. ನಾಟಿ ಮದ್ದು ತಗೊಂಡು ಬಂದವರನ್ನು ಯಾರೂ ಬಯ್ಯಬಾರದು. ಏನು ಕುಡಿಸಿದರು, ಏನು ಹಚ್ಚಿದರು, ಎಷ್ಟು ಹೊತ್ತಿಗೆ ಎಂದು ಕೇಳಿ ಕೇಸ್ ಶೀಟಿನಲ್ಲಿ ಬರೆಯಬೇಕು, ಅಷ್ಟೆ. ನರ್ಸ್‌ಗಳು ಇದನ್ನು ನನಗಿಂತ ಚೆನ್ನಾಗಿ ಮಾಡಿದರು.

ಆಮೇಲೆ ಪಂಡಿತರ ಮನೆಗಳಿಗೆ ಹೋದೆ. ಯಾರು ಯಾವುದಕ್ಕೆ ಮದ್ದು ಕೊಡುತ್ತಾರೆ ಎಂಬುದು ಆಶಾ ಕಾರ್ಯಕರ್ತೆಯರಿಗೆ ಬಾಯಿಪಾಠ. ಅವರೇ ಜೊತೆಗೆ ಬಂದರು. "ಡಾಕ್ಟ್ರಮ್ಮ, ನಮ್ದನ್ನ ಬಂದ್ ಮಾಡ್ಸಕ್ಕೆ ಬಂದಿದೀರಾ?" ಎಂದು ಒಬ್ಬ ಅಜ್ಜ ನೇರವಾಗಿಯೇ ಕೇಳಿದರು. ಇಲ್ಲ ಎಂದೆ. ಮದ್ದಿನ ಬೇರು ಯಾವುದೆಂದು ನಾನು ಕೇಳಲಿಲ್ಲ, ಈಗಲೂ ಕೇಳುವುದಿಲ್ಲ. ಹೆಸರು ಹೇಳಿದರೆ ಮದ್ದಿನ ಗುಣ ಹೋಗುತ್ತದೆ ಎಂದು ನಂಬಿದವರ ಹತ್ತಿರ ಅದನ್ನು ಕೆದಕಿದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ಹಾವು ಕಡಿದವರು ಬಂದಾಗ ಏನು ಮಾಡುತ್ತೀರಿ, ಎಷ್ಟು ಹೊತ್ತು ಇಟ್ಟುಕೊಳ್ಳುತ್ತೀರಿ, ಅಷ್ಟನ್ನೇ ಕೇಳಿದೆ.

ಪಂಡಿತರ ಮದ್ದಿಗೆ ಹೆಸರು ಬರಲು ಕಾರಣವಿದೆ. ಕಚ್ಚುವ ಹಾವುಗಳಲ್ಲಿ ವಿಷವಿಲ್ಲದವೇ ಹೆಚ್ಚು; ವಿಷದ ಹಾವು ಕೂಡ ಕೆಲವೊಮ್ಮೆ ವಿಷ ಬಿಡದೆ ಕಚ್ಚುತ್ತದೆ. ಅಂಥವರು ಏನು ಕುಡಿದರೂ ಬದುಕುತ್ತಾರೆ. ಇದನ್ನು ಬಾಯಲ್ಲಿ ಹೇಳಿದರೆ ವಾದವಾಗುತ್ತದೆ. ನನ್ನ ಕೈ ಹಿಡಿದದ್ದು ಒಂದು ಗಾಜಿನ ಟ್ಯೂಬ್.

ಅದೇ ಅಜ್ಜ ಒಂದು ಸಂಜೆ ಗದ್ದೆಯಲ್ಲಿ ಕೊಳಕುಮಂಡಲ ಕಚ್ಚಿದವನನ್ನು ತಾವೇ ಪಿಕಪ್‌ನಲ್ಲಿ ಕೂರಿಸಿಕೊಂಡು ಬಂದರು. ಹೊಸದಾದ, ಒಣಗಿದ, ಸೋಪು ತಾಗದ ಗಾಜಿನ ಟ್ಯೂಬಿಗೆ 2 ಮಿ.ಲೀ. ರಕ್ತ ಹಾಕಿ ಅವರೆದುರಿಗೇ ಇಟ್ಟೆ. 20 ನಿಮಿಷ ಅಲುಗಾಡಿಸಬಾರದು. ಅಷ್ಟರಲ್ಲಿ ಆರೋಗ್ಯವಂತರ ರಕ್ತ ಹೆಪ್ಪುಗಟ್ಟುತ್ತದೆ. ಟ್ಯೂಬನ್ನು ಓರೆ ಮಾಡಿದಾಗ ರಕ್ತ ನೀರಿನ ಹಾಗೆ ಹರಿಯಿತು. ಮಂಡಲದ ವಿಷ ರಕ್ತದ ಹೆಪ್ಪುಗಟ್ಟುವ ಗುಣವನ್ನೇ ತಿಂದು ಹಾಕುತ್ತದೆ ಎಂದು ನಾನು ವಿವರಿಸುವ ಮುಂಚೆಯೇ ಅಜ್ಜನಿಗೆ ಅರ್ಥವಾಗಿತ್ತು. ಕಚ್ಚಿದ ಕಾಲನ್ನು ಕೊಯ್ದು ರಕ್ತ ತೆಗೆದರೆ ಏನಾಗುತ್ತದೆ ಎಂಬುದೂ. ಹಾವಿನ ವಿಷಕ್ಕೆ ಕೊಡುವ ಮದ್ದಾದ ಆ್ಯಂಟಿವೆನಮ್ 10 ವಯಲ್ (ಸೀಸೆ) ಹೋಯಿತು. ಆರು ಗಂಟೆ ಕಳೆದು ಮತ್ತೆ ಟ್ಯೂಬ್ ಇಟ್ಟಾಗ ರಕ್ತ ಗಟ್ಟಿಯಾಯಿತು. ಅಲ್ಲಿಯವರೆಗೂ ಅಜ್ಜ ಬೆಂಚು ಬಿಟ್ಟು ಏಳಲಿಲ್ಲ. ಕಿಡ್ನಿಯ ಮೇಲೆ ಕಣ್ಣಿಡಬೇಕೆಂದು ರೋಗಿಯನ್ನು ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಕಳಿಸಿದೆವು.

ಈ ಪರೀಕ್ಷೆ ಮಂಡಲಗಳಿಗೆ ಮಾತ್ರ. ನಾಗರ, ಕಟ್ಟುಹಾವು ಕಚ್ಚಿದರೆ ಟ್ಯೂಬಿನಲ್ಲಿ ರಕ್ತ ಎಂದಿನಂತೆ ಗಟ್ಟಿಯಾಗುತ್ತದೆ, ಆದರೆ ಉಸಿರು ನಿಲ್ಲುತ್ತದೆ. ರೆಪ್ಪೆ ಜೋಲುವುದನ್ನು, ಮಾತು ತೊದಲುವುದನ್ನು ನೋಡಲು ಎಲ್ಲ ಪಂಡಿತರಿಗೂ ಹೇಳಿದ್ದೇನೆ. ರಾತ್ರಿ ನೆಲದ ಮೇಲೆ ಮಲಗಿದವರು ಬೆಳಗಿನ ಜಾವ ಹೊಟ್ಟೆನೋವೆಂದು ಎದ್ದರೆ ಅದು ಕಟ್ಟುಹಾವಿರಬಹುದು, ಗಾಯ ಕಾಣಲಿ ಬಿಡಲಿ. ನಮ್ಮ ತೋಟಗಳ ದರಗಿನಡಿ (ಉದುರಿದ ಒಣ ಎಲೆಗಳಡಿ) ಇರುವ ಗುಳಿಮಂಡಲದ ವಿಷಕ್ಕೆ ಈಗ ಸಿಗುವ ಆ್ಯಂಟಿವೆನಮ್ ಹಿಡಿಯುವುದಿಲ್ಲ ಎಂದೂ ಅವರಿಗೆ ಮುಚ್ಚಿಡದೆ ಹೇಳಿದೆ. ಹಾವಿನ ಗುರುತು ಹಿಡಿಯುವುದರಲ್ಲಿ ಅವರು ನಮಗಿಂತ ಮುಂದು. ದೂರದಿಂದ ಮೊಬೈಲ್‌ನಲ್ಲಿ ತೆಗೆದ ಫೋಟೋ ಇದ್ದರೆ ಅವರ ಮಾತು ನನಗೆ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ.

ಒಪ್ಪಂದ ಇಷ್ಟೇ: ಬಿಗಿಯಾಗಿ ಕಟ್ಟುವುದಿಲ್ಲ, ಕೊಯ್ಯುವುದಿಲ್ಲ, ಕುಡಿಸುವುದಿಲ್ಲ. ಮಂತ್ರ ಹಾಕುವುದಿದ್ದರೆ ಗಾಡಿಯಲ್ಲೇ. ಕಚ್ಚಿದ ಹೊತ್ತು ಬರೆದ ಒಂದು ಚೀಟಿ ರೋಗಿಯ ಜೊತೆ ಬರುತ್ತದೆ. ಕರ್ನಾಟಕ 2024ರಲ್ಲಿ ಹಾವು ಕಡಿತವನ್ನು ಸರ್ಕಾರಕ್ಕೆ ವರದಿ ಮಾಡಲೇಬೇಕಾದ ಕಾಯಿಲೆ ಎಂದು ಸಾರಿದ ಮೇಲೆ ಆ ಚೀಟಿಗೆ ಇನ್ನಷ್ಟು ಬೆಲೆ ಬಂದಿದೆ. ನನ್ನ ಕಡೆಯಿಂದ, ಅವರು ಕಳಿಸಿದ ರೋಗಿ ಏನಾದ ಎಂದು ಸಂಜೆಯೊಳಗೆ ಫೋನ್ ಮಾಡುತ್ತೇನೆ, ತೀರಿಕೊಂಡರೂ ಮಾಡುತ್ತೇನೆ. ಮುದ್ರಿಸಿದ ಕರಪತ್ರಗಳಿಗಿಂತ ಈ ಫೋನ್ ಹೆಚ್ಚು ರೋಗಿಗಳನ್ನು ತಂದಿದೆ ಎಂದು ನನ್ನ ದೃಢವಾದ ನಂಬಿಕೆ. ರೋಗಿಯನ್ನು ಕಳಿಸಿಕೊಟ್ಟವರಿಗೆ ಏನಾಯಿತೆಂದು ತಿಳಿಸುವುದು ವೈದ್ಯರ ನಡುವಿನ ಮರ್ಯಾದೆ. ಅದು ಪಂಡಿತರಿಗೂ ಸಲ್ಲಬೇಕು. ಹಾಗೆಂದು ಅವರ ಮದ್ದಿಗೆ ನಾನು ಶಿಫಾರಸು ಬರೆಯುವುದಿಲ್ಲ, ನನ್ನ ಹೆಸರು ಅವರ ಬೋರ್ಡಿನಲ್ಲಿ ಬರಬಾರದು. ಆ ಗೆರೆ ಇಬ್ಬರಿಗೂ ಗೊತ್ತಿದೆ.

ಕಾಮಾಲೆಯದು ಬೇರೆ ಕಥೆ. ವೈರಸ್‌ನಿಂದ ಬರುವ ಸಾಮಾನ್ಯ ಕಾಮಾಲೆ ಹೆಚ್ಚಿನವರಲ್ಲಿ ಪಥ್ಯ, ವಿಶ್ರಾಂತಿಯಲ್ಲೇ ಇಳಿಯುತ್ತದೆ. ನೆಲನೆಲ್ಲಿ ಕುಡಿದವರನ್ನು ನಾನು ತಡೆಯಲು ಹೋಗುವುದಿಲ್ಲ. ಆದರೆ ನಟ್ಟಿಯ ಕಾಲದಲ್ಲಿ ಕಣ್ಣು ಹಳದಿಯಾದ ಮೇಲೂ ಜ್ವರ ಬಿಡದಿದ್ದರೆ ಅದು ಇಲಿಜ್ವರ ಇರಬಹುದು. ಮೀನಖಂಡ ಒತ್ತಿ ನೋಡಿ, ರೋಗಿ ಚೀರಿದರೆ ಅಥವಾ ಮೂತ್ರ ಕಡಿಮೆಯಾಗಿದ್ದರೆ ಆ ಹೊತ್ತೇ ಕಳಿಸಿ ಎಂದಿದ್ದೇನೆ. ಗರ್ಭಿಣಿಗೆ ಕಾಮಾಲೆಯಾದರೆ ಒತ್ತಿ ನೋಡುವುದೂ ಬೇಡ, ನೇರ ಆಸ್ಪತ್ರೆಗೆ. ಮೂಳೆ ಕಟ್ಟುವವರಿಗೆ ಹೇಳಿದ್ದು, ಬೆರಳು ತಣ್ಣಗಾದರೆ, ನೀಲಿಯಾದರೆ ಕಟ್ಟು ಬಿಚ್ಚಿ.

ಮಂಗನ ಕಾಯಿಲೆಯಲ್ಲಂತೂ ಪಂಡಿತರೇ ನಮ್ಮ ಕಣ್ಣು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಾದ ಈ ರೋಗ ಉಣುಗು ಕಚ್ಚಿ ಬರುತ್ತದೆ. ಡಿಸೆಂಬರ್‌ನಿಂದ ಮೇವರೆಗೆ ಇದರ ಕಾಟ ಹೆಚ್ಚು. 2019ರ ಆ ಹಂಗಾಮಿನಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಊರು ಈ ಕಾಯಿಲೆಯಿಂದ ಪಟ್ಟ ಪಾಡನ್ನು ಈ ಕಡೆಯವರು ಮರೆತಿಲ್ಲ. ಕಾಡಿನಲ್ಲಿ ಮಂಗ ಸತ್ತರೆ ಅದು ರೋಗದ ಮುನ್ಸೂಚನೆ; ಬೇರು, ತೊಗಟೆಗೆಂದು ಕಾಡಿಗೆ ಹೋಗುವ ಪಂಡಿತರು ಸತ್ತ ಮಂಗವನ್ನು ಎಲ್ಲರಿಗಿಂತ ಮೊದಲು ಕಾಣುತ್ತಾರೆ. ಮುಟ್ಟದೆ ಫೋನ್ ಮಾಡುತ್ತಾರೆ. ಉಣುಗು ಹತ್ತದಂತೆ ಮೈಗೆ ಹಚ್ಚುವ ಡೆಪಾ ಎಣ್ಣೆಯನ್ನು ಮೊದಲು ಅವರಿಗೇ ಕೊಟ್ಟೆವು, ಅಪಾಯವೂ ಅವರಿಗೇ ಮೊದಲು ತಾನೆ. ಈಗ ಅವರ ಜಗಲಿಯಲ್ಲೇ ಎಣ್ಣೆ ಸಿಗುತ್ತದೆ. ದರಗು ಗುಡಿಸಲು ಹೋಗುವ ಹೆಂಗಸರು ಅಲ್ಲಿಂದ ಒಯ್ಯುತ್ತಾರೆ.

ಇನ್ನೂ ಬಗೆಹರಿಯದೆ ಉಳಿದದ್ದು ನಾಯಿ ಕಡಿತ. ರೇಬೀಸ್ ಲಕ್ಷಣ ಶುರುವಾದ ಮೇಲೆ ಉಳಿಸುವ ಮದ್ದು ನನ್ನ ಹತ್ತಿರವೂ ಇಲ್ಲ, ಅವರ ಹತ್ತಿರವೂ ಇಲ್ಲ. ಸೋಪು ನೀರಲ್ಲಿ 15 ನಿಮಿಷ ತೊಳೆದು, ತಡಮಾಡದೆ ಲಸಿಕೆ ಹಾಕಿಸಬೇಕು. ಇದರಲ್ಲಿ ನನ್ನ ಕಡೆಯಿಂದ ರಾಜಿಯಿಲ್ಲ. ಒಬ್ಬ ಪಂಡಿತರು ಮಾತ್ರ ತಮ್ಮ ತಂದೆಯ ಕಾಲದಿಂದ ಬಂದ ಮದ್ದನ್ನು ಬಿಡಲು ಒಪ್ಪುತ್ತಿಲ್ಲ. ಅವರ ಜೊತೆ ಜಗಳ ಮಾಡಿಕೊಂಡಿಲ್ಲ. ಅವರ ಮನೆಗೆ ನಾಯಿ ಕಚ್ಚಿದವರು ಬಂದರೆ ಸೊಸೆ ಆಶಾ ಕಾರ್ಯಕರ್ತೆಗೆ ತಿಳಿಸುತ್ತಾಳೆ, ಅವರು ರೋಗಿಯ ಮನೆಗೇ ಹೋಗಿ ಲಸಿಕೆಗೆ ಕರೆತರುತ್ತಾರೆ. ಪಂಡಿತರಿಗೆ ಇದು ಗೊತ್ತು, ಬೇಡ ಎಂದಿಲ್ಲ. ಲಸಿಕೆಯ ಮಾತು ಅವರ ಬಾಯಿಂದಲೇ ಬರುವವರೆಗೆ ನಾನು ಆ ಮನೆಗೆ ಹೋಗುತ್ತಲೇ ಇರುತ್ತೇನೆ.