ಗೋಡೆಬಿರುಕಿನ ಗಿಡಕ್ಕೊಂದು ಪುಟ

ದಾರಿಬದಿಯ ಗಿಡ, ಹಕ್ಕಿಗಳನ್ನು ನೋಡುತ್ತ ಪುಸ್ತಕದಲ್ಲಿ ಬಿಡಿಸಿಕೊಳ್ಳುವ ಅಭ್ಯಾಸವೊಂದಿದೆ. ಚಿತ್ರ ಬಿಡಿಸಲು ಬರುವುದಿಲ್ಲ ಎನ್ನುವವರಿಗೇ ಇದು ಹೆಚ್ಚು ಒಗ್ಗುತ್ತದೆ. ಕೈ ಪಳಗಿದವರು ಎಲೆ ಎಂದೊಡನೆ ರೂಢಿಯ ಎಲೆಯೊಂದನ್ನು ಗೀಚಿಬಿಡುತ್ತಾರೆ. ಬಾರದವರು ಪ್ರತಿ ಗೆರೆಗೂ ತಲೆಯೆತ್ತಿ ಗಿಡವನ್ನು ನೋಡಲೇಬೇಕು. ನಗರದ ನಡುವೆ ಕಣ್ಣಿಗೆ ಬಿದ್ದರೂ ಕಾಣದೇ ಹೋದ ಜೀವಗಳನ್ನು ಗುರುತಿಸಲು ಬೇಕಾದದ್ದು ಆ ನೋಟವೇ.

ಒಂದು ಪೆನ್ಸಿಲ್, ಗೆರೆಯಿಲ್ಲದ ಸಣ್ಣ ಪುಸ್ತಕ ಸಾಕು. ರಬ್ಬರ್ ಮನೆಯಲ್ಲೇ ಇರಲಿ.

ಮೊದಲು ಜಾಗ ಗೊತ್ತುಮಾಡಿಕೊಳ್ಳಿ. ಉದ್ಯಾನ ಹುಡುಕಿಕೊಂಡು ಹೋಗಬೇಕಿಲ್ಲ. ಕಾಂಪೌಂಡ್ ಗೋಡೆಯ ಬುಡ, ಚರಂಡಿಯ ಅಂಚು, ಪಾದಚಾರಿ ಮಾರ್ಗದ ಕಲ್ಲುಸಂದು, ಹೀಗೆ ದಿನವೂ ಹಾದುಹೋಗುವಲ್ಲಿ ಅಂಗೈಯಗಲದ ನೆಲ ಸಿಕ್ಕರಾಯಿತು. ಜರ್ಮನಿಯ ಕಲಾವಿದ ಆಲ್ಬ್ರೆಕ್ಟ್ ಡ್ಯೂರರ್ 1503ರಲ್ಲಿ ಬಿಡಿಸಿದ ಪ್ರಸಿದ್ಧ ಜಲವರ್ಣ ಚಿತ್ರವೊಂದರಲ್ಲಿ ಇರುವುದು ಬರೀ ಹುಲ್ಲು, ಕಳೆಗಿಡ, ಮಣ್ಣು. ವಿಷಯ ಸಣ್ಣದಾಯಿತು ಎಂಬ ಸಂಕೋಚ ನಿಮಗೂ ಬೇಡ.

ಮೊದಲ ಎರಡು ನಿಮಿಷ ಪುಟವನ್ನು ನೋಡದೆ ಬಿಡಿಸಿ. ಕಣ್ಣು ಎಲೆಯ ಅಂಚಿನಲ್ಲಿ ಎಷ್ಟು ನಿಧಾನವಾಗಿ ಸರಿಯುತ್ತದೋ ಪೆನ್ಸಿಲ್ಲೂ ಅಷ್ಟೇ ನಿಧಾನವಾಗಿ ಸರಿಯಲಿ. ಚಿತ್ರ ವಿಕಾರವಾಗಿಯೇ ಬರುತ್ತದೆ, ಬರಲಿ.

ಆಮೇಲಿನದು ನಿಜವಾದ ಕೆಲಸ. ಪುಲ್ಲಂಪುರಚಿಯನ್ನೇ ತೆಗೆದುಕೊಳ್ಳಿ. ಹೃದಯದಾಕಾರದ ಮೂರು ಕಿರುಎಲೆಗಳ ಈ ಹುಳಿಸೊಪ್ಪು ಜಗತ್ತಿನ ಬಹುಪಾಲು ಊರುಗಳ ಕಲ್ಲುಸಂದಿಯಲ್ಲಿದೆ. ಬಿಡಿಸಲು ಕೂತರೆ ಮೊದಲ ಪ್ರಶ್ನೆ ಏಳುತ್ತದೆ: ತೊಟ್ಟಿಗೆ ಅಂಟಿರುವುದು ಹೃದಯದ ಚೂಪು ತುದಿಯೋ, ಸೀಳಿರುವ ಭಾಗವೋ? ಬಗ್ಗಿ ನೋಡಿ, ಚೂಪು ತುದಿ. ಹಳದಿ ಹೂವಿನ ಎಸಳು ಐದು. ಒಳಗಿನ ಕೇಸರಗಳು ಹತ್ತು, ಅವುಗಳಲ್ಲಿ ಐದು ಉದ್ದ, ಐದು ಗಿಡ್ಡ. ಇನ್ನೂ ಸೋಜಿಗದ್ದು ಕಾಯಿ. ಅದರ ತೊಟ್ಟು ಕೆಳಕ್ಕೆ ಬಾಗಿರುತ್ತದೆ, ಕಾಯಿ ಮಾತ್ರ ನೆಟ್ಟಗೆ ಮೇಲಕ್ಕೆ ನಿಂತಿರುತ್ತದೆ. ಆ ತಿರುವನ್ನು ಕೈಯಾರೆ ಎಳೆಯುವಾಗಲೇ ಅದು ಗಮನಕ್ಕೆ ಬರುವುದು. ಸಂಜೆ ಕತ್ತಲಾದ ಮೇಲೆ ಮತ್ತೆ ಹೋದರೆ ಎಲೆಗಳು ಮಡಚಿಕೊಂಡಿರುತ್ತವೆ; ಪಕ್ಕದಲ್ಲೇ ಇನ್ನೊಂದು ಚಿತ್ರ ಬಿಡಿಸಿ.

ಬಿಡಿಸುವಾಗ ಮೊಬೈಲ್ ಜೇಬಿನಲ್ಲಿರಲಿ. ಫೋಟೊ ಎಲ್ಲವನ್ನೂ ಒಂದೇ ಗುಕ್ಕಿಗೆ ನುಂಗುತ್ತದೆ, ನಮ್ಮನ್ನು ಏನೂ ಕೇಳುವುದಿಲ್ಲ. ಹೆಸರು ಪತ್ತೆಮಾಡಲು ಬೇಕಾದರೆ ಕೊನೆಗೆ ಒಂದು ತೆಗೆಯಿರಿ. ಹೆಸರು ಮೊದಲೇ ತಿಳಿದರೆ ನೋಡುವ ಉಮೇದು ಅರ್ಧ ಇಳಿದುಹೋಗುತ್ತದೆ ಎನ್ನುವುದು ನನ್ನ ಅನಿಸಿಕೆ.

ಚಿತ್ರದ ಪಕ್ಕದಲ್ಲಿ ದಿನಾಂಕ, ಹೊತ್ತು, ಬಿಸಿಲೋ ನೆರಳೋ ಎಂಬುದನ್ನು ಬರೆಯಿರಿ. ಅರ್ಥವಾಗದ್ದಕ್ಕೆ ಪ್ರಶ್ನಾರ್ಥಕ ಚಿಹ್ನೆ ಹಾಕಿ. ಗಿಡವನ್ನು ಕೀಳಬೇಡಿ, ನಾಳೆಯೂ ಬೇಕು.

ಗಿಡವಿಲ್ಲದ ಕಡೆ ಮರದ ತೊಗಟೆ, ಹಳೆಯ ಕಲ್ಲುಗಳ ಮೇಲೆ ಕಲ್ಲುಹೂವು ಹುಡುಕಿ. ಬೂದು, ಹಸಿರು, ಹಳದಿ ಕಲೆಯಂತೆ ಕಾಣುವ ಇದು ಶಿಲೀಂಧ್ರ ಮತ್ತು ಪಾಚಿ ಕೂಡಿ ಬಾಳುವ ಜೀವ. ಪ್ಯಾರಿಸ್‌ನ ಉದ್ಯಾನವೊಂದರ ಕಲ್ಲುಹೂವುಗಳನ್ನು ಗಮನಿಸಿದ ಸಸ್ಯವಿಜ್ಞಾನಿ ವಿಲಿಯಂ ನೀಲಾಂಡರ್, ಇವು ಗಾಳಿಯ ಶುದ್ಧತೆಯನ್ನು ಸೂಚಿಸುತ್ತವೆ ಎಂದು 1866ರಲ್ಲೇ ಬರೆದರು. ಕಲೆಯ ಅಂಚನ್ನು ಪೆನ್ಸಿಲ್ಲಿನಿಂದ ಅಳೆದು ನಿಜ ಗಾತ್ರದಲ್ಲೇ ಬಿಡಿಸಿ. ಬೆಳವಣಿಗೆ ತೀರಾ ನಿಧಾನ, ಹಲವು ಬಗೆಗಳು ವರ್ಷಕ್ಕೆ ಕೆಲವೇ ಮಿಲಿಮೀಟರ್ ಹಬ್ಬುತ್ತವೆ. ಮುಂದಿನ ವರ್ಷ ಹೋಲಿಸಲು ಅಳತೆ ಸರಿಯಿರಬೇಕು.

ಕಾಗೆ, ಪಾರಿವಾಳ ನಿಲ್ಲುವುದಿಲ್ಲ ಎಂದು ಕೈಬಿಡಬೇಡಿ. ಒಂದೇ ಪುಟದಲ್ಲಿ ಆರೇಳು ಅರೆಬರೆ ಚಿತ್ರ ಶುರುಮಾಡಿ. ಹಕ್ಕಿ ಕತ್ತು ತಿರುಗಿಸಿದೊಡನೆ ಮುಂದಿನದಕ್ಕೆ ಹೋಗಿ, ಹಳೆಯ ಭಂಗಿಗೆ ಮರಳಿದಾಗ ಬಿಟ್ಟದ್ದನ್ನು ಮುಂದುವರಿಸಿ.